ಒಂಟಿಯಾಗಿ ಎಲೆಕ್ಟ್ರಾನಿಕ್ ಸಂಗೀತ ಮಾಡುವವರಿಗೆ ಬಳಗ ಸಿಗುವುದು ಎಲ್ಲಿ?

ರಾತ್ರಿಸಿಂತ್

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಲ್ಯಾಪ್‌ಟಾಪ್, ಒಂದು ಚಿಕ್ಕ ಕೀಬೋರ್ಡ್, ಹೆಡ್‌ಫೋನ್ ಇಟ್ಟುಕೊಂಡು ಸಂಗೀತ ಮಾಡುತ್ತಿದ್ದೇನೆ. ಹೆಚ್ಚಾಗಿ ಆಂಬಿಯೆಂಟ್ (ತಾಳಕ್ಕಿಂತ ವಾತಾವರಣವೇ ಮುಖ್ಯವಾದ ಸಂಗೀತ), ಅಲ್ಲಲ್ಲಿ ನಿಧಾನದ ಟೆಕ್ನೊ (ಒಂದೇ ಸಮನೆ ಬಡಿಯುವ ಕುಣಿತದ ಸಂಗೀತ). ಇಲ್ಲಿಯವರೆಗೆ 23 ಟ್ರ್ಯಾಕ್ ಬಿಡುಗಡೆ ಮಾಡಿದ್ದೇನೆ. ಹೋದ ತಿಂಗಳು ಹಾಕಿದ್ದಕ್ಕೆ 61 ಪ್ಲೇ ಬಂದಿದೆ.

ಸಂಖ್ಯೆ ಕಡಿಮೆ ಅಂತ ಬೇಜಾರಿಲ್ಲ. ಆ 61ರಲ್ಲಿ ಒಬ್ಬರೂ ಏನೂ ಹೇಳಲಿಲ್ಲ, ಅದಕ್ಕೆ ಬೇಜಾರು. ಯಾರು ಕೇಳಿದರು, ಎಲ್ಲಿ ನಿಲ್ಲಿಸಿದರು, ಯಾವ ಜಾಗವನ್ನು ಹಿಂದೆ ಹೋಗಿ ಇನ್ನೊಮ್ಮೆ ಕೇಳಿದರು, ಒಂದೂ ಗೊತ್ತಾಗುವುದಿಲ್ಲ. ಬ್ಯಾಂಡ್‌ನಲ್ಲಿ ಇರುವವರಿಗೆ ಅಭ್ಯಾಸದ ಕೋಣೆ ಇರುತ್ತದೆ. ಸರಿ ಬರಲಿಲ್ಲ ಅಂದರೆ ಡ್ರಮ್ಮರ್ ಮುಖ ನೋಡಿದರೆ ಸಾಕು, ತಿಳಿಯುತ್ತದೆ. ನಮಗೆ ಡ್ರಮ್ಮೂ ನಾವೇ, ಬೇಸೂ ನಾವೇ, ಮಿಕ್ಸಿಂಗೂ ನಾವೇ, ಕವರ್ ಚಿತ್ರವೂ ನಾವೇ.

ಡಿಸ್ಕಾರ್ಡ್ ಅನ್ನುವ ಚಾಟ್ ತಾಣದಲ್ಲಿ ಮೂರು ಗುಂಪು ಸೇರಿ ನೋಡಿದೆ. ಮೂರರಲ್ಲೂ ಒಂದೇ ಕಥೆ. "ನನ್ನ ಹೊಸ ಟ್ರ್ಯಾಕ್, ಕೇಳಿ" ಅಂತ ಒಂದರ ಕೆಳಗೆ ಒಂದು ಲಿಂಕ್. ಎಲ್ಲರೂ ಹಾಕುವವರೇ, ಕೇಳುವವರು ಯಾರೂ ಇಲ್ಲ. ನನಗೆ ಫಾಲೋವರ್ಸ್ ಬೇಡ. "ಆ ಸ್ನೇರ್ ಡ್ರಮ್ ಸ್ವಲ್ಪ ಜಾಸ್ತಿ ಆಯ್ತು" ಅಂತ ಹೇಳುವ ನಾಲ್ಕು ಜನ ಬೇಕು. ನಿಮಗೆಲ್ಲ ಅಂಥವರು ಹೇಗೆ ಸಿಕ್ಕಿದರು?

ಹಳೆಟ್ರ್ಯಾಕರ್

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಕಂಪ್ಯೂಟರ್ ನೆನಪಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅನ್ನುವವರು ಅಮಿಗಾ ಕಂಪ್ಯೂಟರ್‌ಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಅಂತ ಒಂದು ಪ್ರೋಗ್ರಾಂ ಬರೆದರು. ನಾಲ್ಕೇ ಚಾನೆಲ್, ಅಂದರೆ ಒಟ್ಟಿಗೆ ನಾಲ್ಕೇ ಸದ್ದು. ಸ್ವರಗಳು ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುತ್ತವೆ. ಅದು ಹಾಡನ್ನು ಉಳಿಸುವ "ಮಾಡ್" ಫೈಲ್‌ನಲ್ಲಿ ಒಂದು ವಿಶೇಷ ಇತ್ತು. ಹಾಡಿನ ಸ್ವರಗಳೂ, ಅದಕ್ಕೆ ಬಳಸಿದ ಸ್ಯಾಂಪಲ್‌ಗಳೂ (ರೆಕಾರ್ಡ್ ಮಾಡಿದ ಚಿಕ್ಕ ಸದ್ದಿನ ತುಣುಕುಗಳು) ಎಲ್ಲ ಒಂದೇ ಫೈಲ್ ಒಳಗೆ. ಅಂದರೆ ಹಾಡು ಕೈಗೆ ಬಂತು ಅಂದರೆ ಅದನ್ನು ಮಾಡಿದ ಕಾರ್ಖಾನೆಯೇ ಕೈಗೆ ಬಂದ ಹಾಗೆ. ಇವತ್ತು ನಾವು ಕೊಡುವ ಎಂಪಿ3 ಹಾಗಲ್ಲ, ಅಲ್ವಾ? ಬಾಗಿಲು ಮುಚ್ಚಿಯೇ ಬರುತ್ತದೆ.

ನಾನು ಎಕೋ ಮಾಡುವುದನ್ನು ಕಲಿತದ್ದು ಹೀಗೆ. ಆ ಪ್ರೋಗ್ರಾಂನಲ್ಲಿ ಎಕೋ ಅನ್ನುವ ಬಟನ್ನೇ ಇರಲಿಲ್ಲ. ಆದರೂ ಒಬ್ಬರ ಹಾಡಿನಲ್ಲಿ ಮಧುರವಾದ ಎಕೋ ಕೇಳಿಸುತ್ತಿತ್ತು. ಫೈಲ್ ತೆರೆದು ನೋಡಿದೆ. ಎರಡನೇ ಚಾನೆಲ್‌ನಲ್ಲಿ ಇದ್ದ ಸ್ವರವನ್ನೇ ಮೂರು ಸಾಲು ಕೆಳಗೆ, ನಾಲ್ಕನೇ ಚಾನೆಲ್‌ನಲ್ಲಿ, ಅರ್ಧ ವಾಲ್ಯೂಮ್‌ನಲ್ಲಿ ಮತ್ತೆ ಬರೆದಿದ್ದರು. ಅಷ್ಟೇ! ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು. ಪ್ರತಿ ಸ್ಯಾಂಪಲ್‌ಗೆ ಹೆಸರು ಬರೆಯಲು 22 ಅಕ್ಷರದ ಜಾಗ ಇತ್ತು. ಜನ ಅಲ್ಲಿ ಹೆಸರು ಬರೆಯುತ್ತಿರಲಿಲ್ಲ, ಪತ್ರ ಬರೆಯುತ್ತಿದ್ದರು. "ಈ ಬೇಸ್ ಇಂಥವರಿಂದ ತಗೊಂಡೆ", "ಇಂಥವರಿಗೆ ನಮಸ್ಕಾರ", "ನಿಮ್ಮ ಫೈಲ್ ಕಳಿಸಿ" ಅಂತ. ಫ್ಲಾಪಿಯಿಂದ ಫ್ಲಾಪಿಗೆ, ಆಮೇಲೆ ಮೋಡೆಮ್‌ನಲ್ಲಿ, ಈ ಪತ್ರಗಳು ದೇಶ ದೇಶ ದಾಟಿದವು. ಕಂಪ್ಯೂಟರ್‌ನಲ್ಲಿ ಹೀಗೆ ಸಂಗೀತ, ಚಿತ್ರ ಮಾಡಿ ಹಂಚಿಕೊಳ್ಳುತ್ತಿದ್ದ ಆ ಡೆಮೋಸೀನ್ ಬಳಗವನ್ನು 2020ರಲ್ಲಿ ಫಿನ್‌ಲ್ಯಾಂಡ್ ತನ್ನ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾಗಿ ನನ್ನ ಸಲಹೆ: ಮುಗಿದ ಟ್ರ್ಯಾಕ್‌ನ ಲಿಂಕ್ ಹಾಕಬೇಡಿ. ಮುಗಿಯದ ಪ್ರಾಜೆಕ್ಟ್ ಹಾಕಿ. ಮುಗಿದದ್ದಕ್ಕೆ "ಚೆನ್ನಾಗಿದೆ" ಅನ್ನುವುದು ಬಿಟ್ಟರೆ ಬೇರೆಯವರಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ತಂತಿಗಂಟು

ಹಳೆಟ್ರ್ಯಾಕರ್ ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಬಳಗ ಸಿಕ್ಕಿದ್ದು ಇನ್ನೊಂದು ದಾರಿಯಲ್ಲಿ, ವಾರದ ಸವಾಲಿನಿಂದ.

ಡಿಸ್ಕ್ವಾಯೆಟ್ ಜಂಟೋ ಅಂತ ಒಂದು ಗುಂಪು ಇದೆ. ಮಾರ್ಕ್ ವೈಡೆನ್‌ಬಾಮ್ ಅನ್ನುವವರು 2012ರ ಜನವರಿಯಲ್ಲಿ ಶುರು ಮಾಡಿದರು. ಗುರುವಾರ ಒಂದು ಸೂಚನೆ ಬರುತ್ತದೆ, ಸೋಮವಾರದೊಳಗೆ ಒಂದು ತುಣುಕು ಮಾಡಿ ಹಾಕಬೇಕು. ಮೊಟ್ಟಮೊದಲ ಸೂಚನೆ: ಲೋಟದಲ್ಲಿ ಐಸ್ ತುಂಡಿನ ಸದ್ದು ರೆಕಾರ್ಡ್ ಮಾಡಿ, ಅದರಿಂದ ಸಂಗೀತ ಮಾಡಿ.

ನಾನು ಅದನ್ನು ಎಷ್ಟೋ ವರ್ಷ ಆದಮೇಲೆ ಸುಮ್ನೆ ಒಬ್ಬನೇ ಮಾಡಿ ನೋಡಿದೆ. ಲೋಟ ಅಲ್ಲಾಡಿಸಿದ ಸದ್ದು ಅಷ್ಟೇನೂ ಹಿಡಿಸಲಿಲ್ಲ. ನೀರು ಸುರಿದಾಗ ಐಸ್ ಒಳಗೇ ಬಿರುಕು ಬಿಟ್ಟು "ಚಿಟ್" ಅಂತು ನೋಡಿ, ಅದು ಸಿಕ್ಕಿತು. ಅದನ್ನು 16 ಪಟ್ಟು ನಿಧಾನ ಮಾಡಿದೆ. ನಾಲ್ಕು ಆಕ್ಟೇವ್ (ಸಪ್ತಕ) ಕೆಳಗೆ ಇಳಿದು ದೊಡ್ಡ ಗಂಟೆಯ ಹಾಗೆ ಮೊಳಗಿತು. ಇಡೀ ತುಣುಕು ಆ ಒಂದು ಚಿಟ್‌ನಿಂದಲೇ ಆಯಿತು.

ಇಂಥ ಸವಾಲಿನಲ್ಲಿ ಎಲ್ಲರ ಮುಂದೆಯೂ ಒಂದೇ ಕಷ್ಟ ಇರುತ್ತದೆ. ನಾನು ಮೂರು ರಾತ್ರಿ ಒದ್ದಾಡಿದ ಕಡೆ ಇನ್ನೊಬ್ಬರು ಏನು ಮಾಡಿದರು ಅಂತ ನೋಡುವ ಆಸೆ ತಾನಾಗಿ ಬರುತ್ತದೆ. ಯಾರೂ ಬಲವಂತ ಮಾಡದೆ ಕಿವಿಕೊಟ್ಟು ಕೇಳುತ್ತೇವೆ. ನಿಮ್ಮ ಡಿಸ್ಕಾರ್ಡ್ ಗುಂಪುಗಳಲ್ಲಿ ಇಲ್ಲದ್ದು ಅದೇ ಅಂತ ನನಗೆ ಅನ್ನಿಸುತ್ತದೆ.

ರಾತ್ರಿಸಿಂತ್

ಇಬ್ಬರಿಗೂ ಧನ್ಯವಾದ. ಎಕೋ ಕಥೆ ಓದಿ ಈಗಲೇ ಹಾಗೆ ಮಾಡಿ ನೋಡಿದೆ. ಪ್ಲಗ್‌ಇನ್ (ಸಂಗೀತ ತಂತ್ರಾಂಶಕ್ಕೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಕೊಡುವ ಎಕೋಗಿಂತ ಒಂಥರಾ ಬೇರೆಯೇ ಇದೆ!

ಇನ್ನೊಂದು ಪ್ರಶ್ನೆ. ಒಟ್ಟಿಗೆ ನುಡಿಸುವುದು? ಒಂದೇ ಹೊತ್ತಿನಲ್ಲಿ, ಬೇರೆ ಬೇರೆ ಊರಿನಿಂದ? ವಿಡಿಯೊ ಕಾಲ್‌ನಲ್ಲಿ ಒಬ್ಬರ ಜೊತೆ ಪ್ರಯತ್ನಿಸಿದೆ. ಇಬ್ಬರೂ ಒಬ್ಬರಿಗೊಬ್ಬರು ಕಾದು ಕಾದು ಹಾಡಿನ ಟೆಂಪೊ (ವೇಗ) ನಿಧಾನ ಆಗುತ್ತಾ ಹೋಯಿತು, ಕೊನೆಗೆ ನಿಂತೇ ಹೋಯಿತು.

ಮಿಲಿಸೆಕೆಂಡ್

ಇದು ನನ್ನ ಇಷ್ಟದ ವಿಷಯ.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 10 ಮಿಲಿಸೆಕೆಂಡ್ ತಡ ಅಂದರೆ ನಿಮ್ಮ ಜೊತೆಗಾರ ಮೂರೂವರೆ ಮೀಟರ್ ದೂರ ನಿಂತ ಹಾಗೆ. ಒಂದು ಕಡೆಗೆ 25, 30 ಮಿಲಿಸೆಕೆಂಡ್ ತನಕ ಕೈಗೂ ಕಿವಿಗೂ ಹೊಂದಿಕೆ ಆಗುತ್ತದೆ. ಅದು ದಾಟಿದರೆ ನಿಮಗೆ ಆದದ್ದೇ ಆಗುತ್ತದೆ, ಇಬ್ಬರೂ ಕಾಯುತ್ತಾ ನಿಧಾನ ಆಗುತ್ತಾರೆ. ವಿಡಿಯೊ ಕಾಲ್‌ಗಳು ಮಾತಿಗೆ ಅಂತ ಮಾಡಿದವು, ಅವುಗಳಲ್ಲಿ ತಡ ಇದಕ್ಕಿಂತ ಎಷ್ಟೋ ಜಾಸ್ತಿ. ಸಾಲದು ಅಂತ ನಮ್ಮ ಡ್ರೋನ್ (ಶ್ರುತಿಯಂತೆ ಎಡೆಬಿಡದೆ ಮೊಳಗುವ) ಸದ್ದನ್ನು ಫ್ಯಾನ್ ಗಲಾಟೆ ಅಂದುಕೊಂಡು ಅಳಿಸಿಯೇ ಬಿಡುತ್ತವೆ.

ಹತ್ತಿರದಲ್ಲಿರುವವರಾದರೆ ಜಾಮ್ಯುಲಸ್ ಅಥವಾ ಜ್ಯಾಕ್‌ಟ್ರಿಪ್ ಹಾಕಿ ನೋಡಿ. ಎರಡೂ ಮುಕ್ತ ತಂತ್ರಾಂಶ. ಜ್ಯಾಕ್‌ಟ್ರಿಪ್ ಹುಟ್ಟಿದ್ದು ಸ್ಟ್ಯಾನ್‌ಫರ್ಡ್‌ನ ಸಂಗೀತ ಸಂಶೋಧನಾ ಕೇಂದ್ರದಲ್ಲಿ. ವೈಫೈ ಬಿಡಿ, ನೆಟ್‌ವರ್ಕ್ ಕೇಬಲ್ ಹಾಕಿ. ಆಡಿಯೊ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದು) 128 ಸ್ಯಾಂಪಲ್‌ಗೆ ಇಳಿಸಿ. ಇಲ್ಲಿ ಸ್ಯಾಂಪಲ್ ಅಂದರೆ ಸದ್ದಿನ ಒಂದೊಂದು ಅಳತೆ; 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಅಳತೆ ಇರುವಾಗ, ಅದು ಮೂರು ಮಿಲಿಸೆಕೆಂಡ್‌ಗಿಂತ ಕಡಿಮೆ.

ದೂರದವರಾದರೆ? ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೇರೇನೂ ತಡ ಇಲ್ಲದಿದ್ದರೂ 8,000 ಕಿಲೋಮೀಟರ್‌ಗೆ 40 ಮಿಲಿಸೆಕೆಂಡ್ ಹೋಗಿಯೇ ಹೋಗುತ್ತದೆ. ಎಷ್ಟು ದುಡ್ಡು ಸುರಿದರೂ ಅದು ಇಳಿಯುವುದಿಲ್ಲ. ಇಲ್ಲಿಗೆ ನಿಂಜ್ಯಾಮ್ ಅನ್ನುವ ಪ್ರೋಗ್ರಾಂ ಬರುತ್ತದೆ. 2005ರದ್ದು, ಹಾಡು ಕೇಳುವ ವಿನ್‌ಆಂಪ್ ಪ್ರೋಗ್ರಾಂ ಬರೆದ ಜಸ್ಟಿನ್ ಫ್ರ್ಯಾಂಕೆಲ್ ಅವರ ಕೆಲಸ. ತಡವನ್ನು ಕಡಿಮೆ ಮಾಡುವ ಗೋಜಿಗೇ ಅದು ಹೋಗುವುದಿಲ್ಲ. ಬದಲಿಗೆ ತಾಳದ ಒಂದು ಸುತ್ತಿಗೆ ಸರಿಯಾಗಿ ಹಿಗ್ಗಿಸುತ್ತದೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) 16 ಬೀಟ್ ಇಟ್ಟರೆ ಒಂದು ಸುತ್ತು 8 ಸೆಕೆಂಡ್. ನೀವು ಈ ಸುತ್ತಿನಲ್ಲಿ ನುಡಿಸಿದ್ದು ನನಗೆ ಮುಂದಿನ ಸುತ್ತಿನಲ್ಲಿ, ಸರಿಯಾದ ಬೀಟ್ ಮೇಲೇ ಕೇಳಿಸುತ್ತದೆ.

ಥಟ್ಟನೆ ರಾಗ ಬದಲಿಸುವವರಿಗೆ ಇದು ಆಗಿಬರುವುದಿಲ್ಲ. ಒಂದೇ ತುಣುಕನ್ನು ಮತ್ತೆ ಮತ್ತೆ ಸುತ್ತಿಸುವ ನಮ್ಮಂಥ ಲೂಪ್‌ನವರಿಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಸಲ ಮೂವರು ನುಡಿಸಿದಾಗ ಒಬ್ಬರು ಕಿಕ್ (ದೊಡ್ಡ ಡ್ರಮ್‌ನ ಹೊಡೆತ) ಶುರು ಮಾಡಿದರು. ನಾನು ಅದಕ್ಕೊಂದು ಬೇಸ್ ಕೊಟ್ಟೆ. ಎಂಟು ಸೆಕೆಂಡ್ ಆದಮೇಲೆ ಅವರ ಕಿಕ್ ನನ್ನ ಬೇಸ್‌ಗೆ ದಾರಿ ಬಿಟ್ಟುಕೊಟ್ಟಿತು. ಅದು ನನ್ನ ಕಿವಿಗೆ ಬಿದ್ದ ಕ್ಷಣ ಕಣ್ಣಲ್ಲಿ ನೀರು ಬಂತು. ಯೋಚಿಸಿದರೆ ಮೂವರಲ್ಲಿ ಯಾರೂ ಒಂದೇ ಹಾಡು ಕೇಳಿಲ್ಲ. ಎಲ್ಲರಿಗೂ ತಮ್ಮದು ಈಗಿನದು, ಉಳಿದವರದು ಹಿಂದಿನ ಸುತ್ತಿನದು. ಆದರೂ ಒಟ್ಟಿಗೆ ನುಡಿಸಿದ್ದೇವೆ.

ಕೋಡ್‌ಕುಣಿತ

ಲೈವ್ ಕೋಡಿಂಗ್ (ಜನರ ಮುಂದೆಯೇ ಕೋಡ್ ಬರೆಯುತ್ತಾ ಸಂಗೀತ ನುಡಿಸುವುದು) ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2004ರಲ್ಲಿ ಹ್ಯಾಂಬರ್ಗ್‌ನಲ್ಲಿ ಟಾಪ್‌ಲ್ಯಾಪ್ ಅಂತ ಒಂದು ಬಳಗ ಹುಟ್ಟಿತು. ಅವರ ಮುಖ್ಯ ಮಾತು: ನಿಮ್ಮ ಪರದೆ ತೋರಿಸಿ. ನುಡಿಸುವವರು ಬರೆಯುತ್ತಿರುವ ಕೋಡ್ ಗೋಡೆಯ ಮೇಲೆ ಎಲ್ಲರಿಗೂ ಕಾಣಬೇಕು. ಆ ಸಾಲಿನಲ್ಲಿ ಬಂದದ್ದೇ ಅಲೆಕ್ಸ್ ಮೆಕ್ಲೀನ್ ಅವರ ಟೈಡಲ್‌ಸೈಕಲ್ಸ್ ಅನ್ನುವ ಸಂಗೀತದ ಕೋಡಿಂಗ್ ತಂತ್ರಾಂಶ. ಈಗ ಅದರದ್ದೇ ಇನ್ನೊಂದು ರೂಪ ಸ್ಟ್ರೂಡೆಲ್ ಅನ್ನುವ ಹೆಸರಿನಲ್ಲಿ ಬ್ರೌಸರ್‌ನಲ್ಲೇ ಸಿಗುತ್ತದೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಹಳೆ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ.

ಬಳಗಕ್ಕೆ ಇದು ಯಾಕೆ ಒಳ್ಳೆಯದು ಅಂದರೆ, ಹಾಡು ಬರೀ ಅಕ್ಷರ. ಚಾಟ್‌ನಲ್ಲಿ ಅಂಟಿಸಬಹುದು. ಹೋದ ವಾರ ಒಬ್ಬರು ನಾಲ್ಕು ಕಿಕ್, ಪಕ್ಕದಲ್ಲಿ ಹೈ-ಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಾಳ) ಎಂಟು ಸಲ ಅಂತ ಎರಡು ಸಾಲು ಕಳಿಸಿದರು. ನಾನು ಆ 8 ಅಳಿಸಿ 7 ಮಾಡಿ ವಾಪಸ್ ಕಳಿಸಿದೆ. ಸುತ್ತು ಅಷ್ಟೇ ಉದ್ದ, ಆದರೆ ಏಳು ಹೊಡೆತ ನಾಲ್ಕರ ಮೇಲೆ ಜಾರುತ್ತಾ ಹೋಗುತ್ತದೆ. ಒಂದೇ ಅಂಕಿಗೆ ಇಡೀ ನಡಿಗೆ ಬದಲಾಯಿತು. ಅವರು ಇನ್ನೊಂದು ಅಂಕಿ ಬದಲಿಸಿ ಕಳಿಸಿದರು. ಹೀಗೆ ಮಧ್ಯರಾತ್ರಿಯವರೆಗೂ ನಡೆಯಿತು.

2009ರಲ್ಲಿ ಸೂಪರ್‌ಕೊಲೈಡರ್ ಅನ್ನುವ ಇನ್ನೊಂದು ಸಂಗೀತದ ಕೋಡಿಂಗ್ ತಂತ್ರಾಂಶ ಬಳಸುವವರು ಒಂದೊಂದು ಟ್ವೀಟ್‌ನಲ್ಲಿ, ಅಂದರೆ 140 ಅಕ್ಷರದಲ್ಲಿ, ಒಂದೊಂದು ಸಂಗೀತ ಬರೆದು ಅದರದ್ದೇ ಆಲ್ಬಂ ಮಾಡಿದ್ದರು. ಕೇಳುವುದಕ್ಕಿಂತ ಓದಿ ನಕಲು ಮಾಡಿ ಕೆದಕುವುದೇ ಜಾಸ್ತಿ ಖುಷಿ.

ಮೌನದಲೆ

ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು. ನಾವು ಬಳಗ ಕಟ್ಟುತ್ತಿರುವುದು ಬೇರೆಯವರ ಜಾಗದಲ್ಲಿ. ಅವರು ಖಾಲಿ ಮಾಡಿ ಅಂದ ದಿನ ನಾವು ಬೀದಿಗೆ ಬರುತ್ತೇವೆ.

ಮೈಸ್ಪೇಸ್ ಅನ್ನುವ ಸಾಮಾಜಿಕ ತಾಣ ನೆನಪಿದೆಯಾ? 2003ರಿಂದ 2015ರವರೆಗೆ ಜನ ಹಾಕಿದ ಹಾಡುಗಳು ಸರ್ವರ್ ಬದಲಿಸುವಾಗ ಹೋದವು ಅಂತ 2019ರಲ್ಲಿ ಗೊತ್ತಾಯಿತು. 5 ಕೋಟಿಗೂ ಮೇಲೆ ಹಾಡು. ಅದರಲ್ಲಿ ಸುಮಾರು 4 ಲಕ್ಷ 90 ಸಾವಿರ ಮಾತ್ರ ಆಮೇಲೆ ಇಂಟರ್ನೆಟ್ ಆರ್ಕೈವ್ ಮೂಲಕ ಸಿಕ್ಕವು. ಯಾರದೋ ಮೊದಲ ಡೆಮೊ, ತೀರಿಹೋದ ಗೆಳೆಯನ ದನಿ, ಎಲ್ಲ ಹೋಯಿತು.

ನಮ್ಮದೇ ಒಂದು ಚಿಕ್ಕ ಗುಂಪು ಹಾಡು ಇಟ್ಟುಕೊಂಡಿದ್ದ ತಾಣವೂ ಹೀಗೇ ಮುಚ್ಚಿತು. ಹತ್ತು ದಿನ ಮುಂಚೆ ಒಂದು ಮೇಲ್ ಬಂದಿತ್ತಂತೆ, ನಾನು ನೋಡಿರಲಿಲ್ಲ. ಹಾಡುಗಳ ಪ್ರತಿ ನನ್ನ ಹತ್ತಿರ ಇತ್ತು. ಹೋದದ್ದು ಕಾಮೆಂಟ್‌ಗಳು. ನಾಲ್ಕು ವರ್ಷ ಜನ ಬರೆದದ್ದು. ಅದು ಈಗಲೂ ನೋವು.

ಸಂಗೀತಗಾರರು ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣ ನಮ್ಮಂಥವರಿಗೆ ಒಳ್ಳೆಯದನ್ನೇ ಮಾಡಿದೆ. ಡಿಜಿಟಲ್ ಮಾರಾಟದಲ್ಲಿ ಶೇ. 15 ತೆಗೆದುಕೊಳ್ಳುತ್ತದೆ, 2020ರ ಮಾರ್ಚ್ 20ರಿಂದ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ಆದರೆ 2022ರಲ್ಲಿ ಅದು ಎಪಿಕ್ ಗೇಮ್ಸ್ ಕೈಗೆ ಹೋಯಿತು, 2023ರಲ್ಲಿ ಸಾಂಗ್‌ಟ್ರೇಡರ್ ಕೈಗೆ. ಆಗ ಹೆಚ್ಚುಕಡಿಮೆ ಅರ್ಧದಷ್ಟು ಕೆಲಸಗಾರರು ಮನೆಗೆ ಹೋದರು. ಸ್ಪಾಟಿಫೈ 2024ರಿಂದ ಒಂದು ವರ್ಷದಲ್ಲಿ 1,000 ಸಲ ಕೇಳದ ಟ್ರ್ಯಾಕ್‌ಗೆ ದುಡ್ಡನ್ನೇ ಕೊಡುವುದಿಲ್ಲ. 61 ಪ್ಲೇ ಇರುವವರ ಲೆಕ್ಕ ಅಲ್ಲಿಗೆ ಮುಗಿಯಿತು.

ದಯವಿಟ್ಟು ಕೇಳುಗರ ಇಮೇಲ್ ಪಟ್ಟಿ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ಫೇರ್‌ಕ್ಯಾಂಪ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಹಾಡಿನ ಫೋಲ್ಡರ್ ಕೊಟ್ಟರೆ ಇಡೀ ವೆಬ್‌ಸೈಟ್ ಮಾಡಿಕೊಡುತ್ತದೆ, ಎಲ್ಲಿ ಬೇಕಾದರೂ ಇಡಬಹುದು. ಕಾಮೆಂಟ್‌ಗಳನ್ನೂ ಆಗಾಗ ಕಾಪಿ ಮಾಡಿ ಇಟ್ಟುಕೊಳ್ಳಿ.

ತಂತಿಗಂಟು

ಮೌನದಲೆ, ನಿಮ್ಮ ಕಾಮೆಂಟ್ ಹೋದ ವಿಷಯ ಓದಿ ಸಂಕಟ ಆಯಿತು. ಆದರೆ ನನ್ನ ಅನುಭವ ಸ್ವಲ್ಪ ಬೇರೆ. ನಮ್ಮ ಗುಂಪು ಮೂರು ಸಲ ಜಾಗ ಬದಲಿಸಿದೆ. ವಾರಕ್ಕೊಮ್ಮೆ ಸೇರುವ ಅಭ್ಯಾಸ ಇದ್ದುದರಿಂದ ಜನ ಚದುರಲಿಲ್ಲ. ಲಿಂಕ್ ಬದಲಾಯಿತು, ಗುರುವಾರ ಬದಲಾಗಲಿಲ್ಲ.

ಮೌನದಲೆ

ಒಪ್ಪಿದೆ. ನಮ್ಮಲ್ಲಿ ಆ ಗುರುವಾರ ಇರಲಿಲ್ಲ. ತಾಣ ಹೋದಮೇಲೆ ಯಾರು ಯಾರನ್ನೂ ಹುಡುಕಲಿಲ್ಲ, ನಾನೂ ಹುಡುಕಲಿಲ್ಲ.

ನಡುಹಗಲು

ಮೂರು ವರ್ಷದಿಂದ 14 ಜನರ ಗುಂಪೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಯಾರೂ ಆ ಕೆಲಸದ ಬಗ್ಗೆ ಮಾತಾಡಿಲ್ಲ. ತಂತ್ರಜ್ಞಾನ ಯಾವುದಾದರೂ ಆಗಲಿ, ಯಾರೋ ಒಬ್ಬರು ದಿನಾ ಅರ್ಧ ಗಂಟೆ ಕೂರಲೇಬೇಕು. ಹೊಸಬರಿಗೆ ಸ್ವಾಗತ ಹೇಳಬೇಕು, ಉತ್ತರ ಸಿಗದೆ ಉಳಿದ ಟ್ರ್ಯಾಕ್‌ಗೆ ಉತ್ತರ ಬರೆಯಬೇಕು.

ನಮ್ಮಲ್ಲಿ ಎರಡೇ ನಿಯಮ. ನಿಮ್ಮದು ಹಾಕುವ ಮೊದಲು ಮೂರು ಜನರದ್ದು ಕೇಳಿ ಬರೆಯಿರಿ. ಬರೆಯುವಾಗ ನಿಮಿಷ, ಸೆಕೆಂಡ್ ಹೇಳಿ. "ಚೆನ್ನಾಗಿದೆ" ಸಾಲದು. "1:40ರಲ್ಲಿ ಪ್ಯಾಡ್ ಬಂದಮೇಲೆ ಬೇಸ್ ಕೇಳಿಸುವುದಿಲ್ಲ" ಅನ್ನಿ (ಪ್ಯಾಡ್ ಅಂದರೆ ಹಿನ್ನೆಲೆಯಲ್ಲಿ ಉದ್ದಕ್ಕೆ ಹರಡುವ ಮೃದು ಸದ್ದು). ಸೌಂಡ್‌ಕ್ಲೌಡ್ ತಾಣ ಶುರುವಿನಿಂದಲೂ ಹಾಡಿನ ಅಲೆಯ ಚಿತ್ರದ ಮೇಲೆ ಸರಿಯಾದ ಕ್ಷಣದಲ್ಲೇ ಕಾಮೆಂಟ್ ಅಂಟಿಸಲು ಬಿಟ್ಟದ್ದು ದೊಡ್ಡ ಉಪಕಾರ. ಹಾಕುವವರೂ ಏನು ಬೇಕು ಅಂತ ಕೇಳಬೇಕು. ಮಿಕ್ಸ್ ಬಗ್ಗೆಯಾ, ಹಾಡಿನ ಕಟ್ಟಿನ ಬಗ್ಗೆಯಾ, ಅಥವಾ ಇದನ್ನು ಮುಂದುವರಿಸಲೇ ಬಿಡಲೇ ಅಂತಲಾ.

ಗುಂಪು ಬೆಳೆಸಿ ಅಂತ ತುಂಬಾ ಜನ ಹೇಳುತ್ತಾರೆ. ನಾನು ಬೆಳೆಸುವುದಿಲ್ಲ. ಒಮ್ಮೆ 40 ದಾಟಿತ್ತು. ಆಗ ಪ್ರತಿಯೊಬ್ಬರೂ ಬೇರೆ ಯಾರೋ ಕೇಳುತ್ತಾರೆ ಅಂದುಕೊಂಡರು, ಯಾರೂ ಕೇಳಲಿಲ್ಲ.

ಇನ್ನೊಂದು, ಹೆಣ್ಣುಮಕ್ಕಳ ಪರವಾಗಿ. ದೊಡ್ಡ ಗುಂಪೊಂದರಲ್ಲಿ ನಾನು ಮೊದಲ ಟ್ರ್ಯಾಕ್ ಹಾಕಿದಾಗ ಬಂದ ಮೊದಲ ಪ್ರಶ್ನೆ "ಪ್ರೊಡ್ಯೂಸ್ ಮಾಡಿಕೊಟ್ಟವರು ಯಾರು?" ಅಂತ. ಎರಡು ವರ್ಷ ಎಲ್ಲಿಯೂ ಏನೂ ಹಾಕಲಿಲ್ಲ. ನನ್ನ ಗುಂಪಿನಲ್ಲಿ ಆ ಪ್ರಶ್ನೆ ಬಂದರೆ ನಾನೇ ಎದ್ದು ನಿಂತು ಉತ್ತರ ಕೊಡುತ್ತೇನೆ.

ಪ್ರಾಜೆಕ್ಟ್ ಹಂಚಿ ಅಂತ ಹಳೆಟ್ರ್ಯಾಕರ್ ಹೇಳಿದರಲ್ಲ, ಅದರಲ್ಲಿ ಒಂದು ತೊಡಕಿದೆ. ನಿಮ್ಮ ಹತ್ತಿರ ಇರುವ ಪ್ಲಗ್‌ಇನ್ ನನ್ನ ಹತ್ತಿರ ಇರುವುದಿಲ್ಲ. ಅದಕ್ಕೆ ಸ್ಟೆಮ್ ಕೊಡಿ, ಅಂದರೆ ಹಾಡಿನ ಒಂದೊಂದು ಭಾಗಕ್ಕೂ ಬೇರೆ ಬೇರೆ ಆಡಿಯೊ ಫೈಲ್. ಪ್ರತಿ ಟ್ರ್ಯಾಕನ್ನೂ 24 ಬಿಟ್ ವೇವ್ ಫೈಲ್ ಮಾಡಿ. ಮೊದಲ ಸದ್ದು ಮೂರನೇ ನಿಮಿಷದಲ್ಲಿ ಬಂದರೂ ಫೈಲ್ ಮಾತ್ರ ಮೊದಲ ಬಾರ್‌ನಿಂದಲೇ (ತಾಳದ ಮೊದಲ ಆವರ್ತದಿಂದಲೇ) ಶುರುವಾಗಲಿ, ಆಗ ಎಲ್ಲವೂ ತಾನಾಗಿ ಸಾಲಾಗಿ ಕೂರುತ್ತವೆ. ಫೈಲ್ ಹೆಸರಿನಲ್ಲೇ ಬಿಪಿಎಂ ಬರೆಯಿರಿ. ರಿವರ್ಬ್ (ದೊಡ್ಡ ಕೋಣೆಯಲ್ಲಿ ಮೊಳಗಿದ ಹಾಗೆ ಅನ್ನಿಸುವ ಅನುರಣನ) ಹಾಕಿದ್ದು ಒಂದು, ಹಾಕದ್ದು ಒಂದು, ಎರಡನ್ನೂ ಕೊಡಿ. ಇನ್ನೊಬ್ಬರು ಹೇಗೆ ಬಳಸಬಹುದು ಅನ್ನುವುದನ್ನೂ ಮೊದಲೇ ಹೇಳಿ. ಅದಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಿವೆ.

ಪ್ಯಾಚ್‌ಕೇಬಲ್

ಮಾಡ್ಯುಲರ್ ಸಿಂತ್ (ಬಿಡಿ ಬಿಡಿ ಮಾಡ್ಯೂಲ್‌ಗಳನ್ನು ತಂತಿಯಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ಇಷ್ಟ, ಆದರೆ ದುಡ್ಡಿಲ್ಲ ಅನ್ನುವವರು ವಿಸಿವಿ ರ‍್ಯಾಕ್ ನೋಡಿ. 2017ರಲ್ಲಿ ಬಂತು, ಕಂಪ್ಯೂಟರ್‌ನಲ್ಲೇ ಮಾಡ್ಯುಲರ್ ಸಿಂತ್. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಅನ್ನುವ ಮಾಡ್ಯೂಲ್ ಕಂಪನಿ ನಡೆಸುತ್ತಿದ್ದ ಎಮಿಲಿ ಜಿಲೆ ತಮ್ಮ ಮಾಡ್ಯೂಲ್‌ಗಳ ಸರ್ಕ್ಯೂಟ್ ನಕ್ಷೆ, ಕೋಡ್ ಎರಡನ್ನೂ ಮುಕ್ತವಾಗಿ ಬಿಟ್ಟರು. 2022ರಲ್ಲಿ ಕಂಪನಿ ನಿಲ್ಲಿಸಿದರು. ಆದರೆ ಅವರ ಮಾಡ್ಯೂಲ್‌ಗಳು ರ‍್ಯಾಕ್ ಒಳಗೂ, ಜನ ಮನೆಯಲ್ಲಿ ಬೆಸುಗೆ ಹಾಕಿ ಮಾಡಿದ ಡಬ್ಬಿಗಳಲ್ಲೂ ಇನ್ನೂ ನುಡಿಯುತ್ತಿವೆ. ನಾನು ಬೆಸುಗೆ ಹಾಕಲು ಕಲಿತದ್ದೇ ಅವರ ನಕ್ಷೆ ನೋಡಿ.

ಈಗ ಎಐಗೆ ಎರಡು ಸಾಲು ಬರೆದರೆ ಮುಗಿದ ಹಾಡು ಬಂದುಬಿಡುತ್ತದೆ. ಹಾಗಾಗಿ ಪ್ಯಾಚ್ (ಮಾಡ್ಯೂಲ್‌ಗಳನ್ನು ಜೋಡಿಸಿದ ಬಗೆ) ತೆರೆದು ತೋರಿಸುವುದಕ್ಕೆ ಮೊದಲಿಗಿಂತ ಬೆಲೆ ಜಾಸ್ತಿ ಅಂತ ನನಗನ್ನಿಸುತ್ತದೆ. ಮಾಡಿದವರ ಕೈ ಕಾಣುವುದು ಅಲ್ಲೇ.

ರಾತ್ರಿಸಿಂತ್ (ಮೂರು ವಾರದ ನಂತರ)

ಏನಾಯಿತು ಅಂತ ಹೇಳಲು ಬಂದೆ. ಒಂದು ವರ್ಷದಿಂದ ಮುಗಿಯದೆ ಬಿದ್ದಿದ್ದ 96 ಬಿಪಿಎಂನ ಒಂದು ತುಣುಕಿನ ಸ್ಟೆಮ್‌ಗಳನ್ನು ನಡುಹಗಲು ಅವರ ಗುಂಪಿನಲ್ಲಿ ಹಾಕಿದೆ. ಮೊದಲು ನಿಯಮದಂತೆ ಮೂರು ಜನರದ್ದು ಕೇಳಿದೆ. ಅದೇ ಒಂದು ಸಂಜೆ ಹಿಡಿಯಿತು. ಇಷ್ಟು ವರ್ಷದಲ್ಲಿ ಬೇರೆಯವರ ಹಾಡನ್ನು ಪೆನ್ನು ಹಿಡಿದು ಕೇಳಿದ್ದು ಇದೇ ಮೊದಲು.

ಹಳೆಟ್ರ್ಯಾಕರ್ ಹೈ-ಹ್ಯಾಟನ್ನು ಗ್ರಿಡ್‌ನಿಂದ (ತಾಳದ ಗೆರೆಗಳಿಂದ) 12 ಮಿಲಿಸೆಕೆಂಡ್ ತಡವಾಗುವಂತೆ ಹಿಂದಕ್ಕೆ ಎಳೆದು ಕಳಿಸಿದರು. ಬೇರೇನೂ ಮುಟ್ಟಿರಲಿಲ್ಲ. ಓಡುತ್ತಿದ್ದ ಹಾಡು ನಡೆಯಲು ಶುರು ಮಾಡಿತು. ನಡುಹಗಲು ಬೇಸ್‌ನ ರಿವರ್ಬ್ ಪೂರ್ತಿ ತೆಗೆದರು. ನಾನು ಆರು ವರ್ಷದಿಂದ ಎಲ್ಲ ಬೇಸ್‌ಗೂ ರಿವರ್ಬ್ ಹಾಕುತ್ತಿದ್ದೆ, ಬೇಡ ಅಂತ ಹೇಳುವವರು ಇರಲಿಲ್ಲ.

ನನಗೆ ಪರಿಚಯವೇ ಇಲ್ಲದ ಒಬ್ಬರು 2:14ರಲ್ಲಿ ಹೀಗೆ ಬರೆದಿದ್ದರು: "ಇಲ್ಲಿ ಯಾರೋ ಉಸಿರು ಬಿಟ್ಟ ಸದ್ದು ಇದೆ. ತೆಗೆಯಬೇಡಿ." ಹೌದು, ಅದು ನನ್ನ ಉಸಿರು. ಮೈಕ್‌ನಲ್ಲಿ ರೆಕಾರ್ಡ್ ಮಾಡುವಾಗ ಸೇರಿಕೊಂಡಿತ್ತು. ನನಗೇ ಕೇಳಿಸಿರಲಿಲ್ಲ. ಈಗ ಆ ಜಾಗದಲ್ಲಿ ಉಳಿದ ಎಲ್ಲವನ್ನೂ ಒಂದು ಬಾರ್ ನಿಲ್ಲಿಸಿದ್ದೇನೆ. ಹೊಸ ಮಿಕ್ಸ್ ಅದೇ ಫೋಲ್ಡರ್‌ನಲ್ಲಿದೆ, ಸ್ಟೆಮ್‌ಗಳೂ ಅಲ್ಲೇ ಇವೆ.

ಮೌನದಲೆ

ಕೇಳಿದೆ. ಆ ನಿಂತ ಬಾರ್ ಬಹಳ ಹಿಡಿಸಿತು. 3:05ರಲ್ಲಿ ಪ್ಯಾಡ್ ಸ್ವಲ್ಪ ಬೇಗ ಬಂದುಬಿಡುತ್ತದೆ, ಇನ್ನೆರಡು ಬಾರ್ ಕಾಯಿಸಿ ನೋಡಿ. ನಾನೂ ಒಂದು ಹಳೆಯದರ ಸ್ಟೆಮ್ ಹಾಕುತ್ತಿದ್ದೇನೆ. ಹಳೆ ಗುಂಪಿನ ಇಬ್ಬರಿಗೆ ಮೇಲ್ ಮಾಡಿದ್ದೆ, ಒಬ್ಬರು ಉತ್ತರ ಬರೆದಿದ್ದಾರೆ. ಅವರನ್ನೂ ಕರೆತರಲೇ?

ನಡುಹಗಲು

ಖಂಡಿತ ಕರೆತನ್ನಿ. 14 ಇದ್ದದ್ದು 16 ಆದರೆ ಏನೂ ತೊಂದರೆ ಇಲ್ಲ. ಮೂರು ಕೇಳುವ ನಿಯಮ ಅವರಿಗೂ ಹೇಳಿಬಿಡಿ.

ಮಿಲಿಸೆಕೆಂಡ್

ಶನಿವಾರ ರಾತ್ರಿ 9:30ಕ್ಕೆ ನಿಂಜ್ಯಾಮ್ ತೆರೆದಿಡುತ್ತೇನೆ. 90 ಬಿಪಿಎಂ, 16 ಬೀಟ್. ರಾತ್ರಿಸಿಂತ್, ನೀವು ಕಿಕ್ ಶುರು ಮಾಡಿ. ಕೇಬಲ್ ಹಾಕಿಕೊಂಡು ಬನ್ನಿ.